ಪಾಲಿಕೆಗೆ ನಿಲ್ಲಬೇಕು ಅಂತಿದ್ದೇನೆ. ವಾರ್ಡ್ ಸದಸ್ಯನ ರಾಜಕೀಯ ಎಷ್ಟು ದಿನ ನಡೆಯುತ್ತದೆ?

ಸಾಲಗಾಮೆ ರಸ್ತೆ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಸಾಲಗಾಮೆ ರಸ್ತೆ ಕಡೆ ಒಂದು ಸಣ್ಣ ಝೆರಾಕ್ಸ್ ಮತ್ತು ಆನ್‌ಲೈನ್ ಸೇವೆಯ ಅಂಗಡಿ ಇದೆ. ಜಾತಿ-ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ತಿದ್ದುಪಡಿ, ಮನೆ ಕಂದಾಯ, ಇ-ಖಾತೆ ಅರ್ಜಿ, ದಿನವೂ ಇದೇ ಕೆಲಸ. ಹೀಗಾಗಿ ನಮ್ಮ ಏರಿಯಾದ ಮುಕ್ಕಾಲು ಪಾಲು ಮನೆಗಳ ಕಾಗದಪತ್ರ ನನಗೆ ಗೊತ್ತು. ಯಾರ ಮನೆಗೆ ನೀರು ಬರುತ್ತಿಲ್ಲ, ಯಾರ ಖಾತೆ ಎಲ್ಲಿ ನಿಂತಿದೆ ಅನ್ನುವುದೂ ಗೊತ್ತು.

ಹಾಸನ ನಗರಸಭೆ ಈಗ ಮಹಾನಗರ ಪಾಲಿಕೆ ಆಗಿದೆ. ಸುತ್ತಲಿನ ಹಳ್ಳಿಗಳೂ ಸೇರಿಕೊಂಡಿವೆ. ಚುನಾವಣೆ ಬಂದರೆ ನೀನೇ ನಿಲ್ಲಪ್ಪ ಅಂತ ಅಂಗಡಿಗೆ ಬರುವವರು ಹೇಳುತ್ತಿದ್ದಾರೆ. ಮೊದಮೊದಲು ಸುಮ್ನೆ ನಗುತ್ತಿದ್ದೆ. ಈಗ ನಿಜವಾಗಿಯೂ ನಿಲ್ಲಬೇಕು ಅನ್ನಿಸುತ್ತಿದೆ. ಅಮ್ಮನಿಗೆ ಇಷ್ಟ ಇಲ್ಲ. ರಾಜಕೀಯಕ್ಕೆ ಹೋದವರು ಇದ್ದ ಸೈಟನ್ನೂ ಮಾರಿಕೊಂಡಿದ್ದಾರೆ ಅನ್ನುವುದು ಅವರ ಮಾತು.

ನನಗೆ ತಿಳಿಯಬೇಕಾಗಿರುವುದು ಇಷ್ಟು. ಒಬ್ಬ ವಾರ್ಡ್ ಸದಸ್ಯನ ರಾಜಕೀಯ ನಿಜವಾಗಿ ಹೇಗಿರುತ್ತದೆ? ಒಂದು ಸಲ ಗೆದ್ದವರು ಇನ್ನೊಂದು ಸಲ ಕಾಣಿಸುವುದೇ ಇಲ್ಲವಲ್ಲ, ಯಾಕೆ? ಪಕ್ಷ ಬೇಕಾ, ಪಕ್ಷೇತರನಾಗಿ ನಿಂತರೆ ಆಗುತ್ತದಾ? ಒಳಗೆ ಇದ್ದು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್:

ತಮ್ಮಾ, ನಾನು ಬೇರೆ ಬೇರೆ ಊರಿನ ಪುರಸಭೆ, ನಗರಸಭೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸದಸ್ಯರನ್ನು ನಾವು ಸಿಬ್ಬಂದಿ ಹೇಗೆ ನೋಡುತ್ತೇವೆ ಅಂತ ಮಾತ್ರ ಹೇಳುತ್ತೇನೆ.

ಬೆಳಿಗ್ಗೆ ಆರು ಗಂಟೆಗೆ ಪೌರಕಾರ್ಮಿಕರ ಹಾಜರಾತಿ ನಡೆಯುತ್ತದೆ. ಆ ಹೊತ್ತಿಗೆ ಬೀದಿಗೆ ಬರುವ ಸದಸ್ಯರು ಕೆಲವರೇ. ಅಂಥವರಿಗೆ ಯಾವ ಬೀದಿಗೆ ಎಷ್ಟು ಜನ ಇದ್ದಾರೆ, ಆಟೋ ಟಿಪ್ಪರ್ ಯಾವ ತಿರುವಿನಲ್ಲಿ ಒಳಗೆ ಹೋಗುವುದಿಲ್ಲ, ಯಾವ ಯುಜಿಡಿ (ಒಳಚರಂಡಿ) ಚೇಂಬರ್ ಮಳೆ ಬಂದಾಗ ಉಕ್ಕುತ್ತದೆ ಎಲ್ಲ ಗೊತ್ತಿರುತ್ತದೆ. ಅವರು ಫೋನ್ ಮಾಡಿದರೆ ನಾವು ತಕ್ಷಣ ಓಡುತ್ತಿದ್ದೆವು. ಹೆದರಿಕೆಯಿಂದ ಓಡುತ್ತಿರಲಿಲ್ಲ. ಅವರು ಹೇಳಿದ ಜಾಗದಲ್ಲಿ ನಿಜವಾಗಿಯೂ ಕೆಲಸ ಇರುತ್ತಿತ್ತು. ಇನ್ನು ಕೆಲವರು ಕಚೇರಿಗೆ ಬಂದು ಜನರ ಮುಂದೆ ನಮ್ಮ ಮೇಲೆ ಕೂಗಾಡುತ್ತಿದ್ದರು. ಅವರ ವಾರ್ಡಿನ ಕೆಲಸವನ್ನೂ ಮಾಡುತ್ತಿದ್ದೆವು, ಆದರೆ ಮನಸ್ಸಿಟ್ಟು ಮಾಡುತ್ತಿರಲಿಲ್ಲ.

ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಪೇಟೆ ಕಡೆ ಹೋಗಿ ನೋಡು. ಲಕ್ಷಾಂತರ ಜನ ಬಂದು ಹೋಗುವ ಊರನ್ನು ಬೆಳಗಾಗುವುದರೊಳಗೆ ಗುಡಿಸಿಡುವವರು ಯಾರು ಅಂತ ನೋಡು. ಅವರಲ್ಲಿ ಒಂದಷ್ಟು ಜನರ ಹೆಸರಾದರೂ ನಿನಗೆ ಗೊತ್ತಿರಬೇಕು. ಅದಾದ ಮೇಲೆ ನಾಮಪತ್ರದ ಬಗ್ಗೆ ಯೋಚನೆ ಮಾಡು.

ಬಸವನಹಳ್ಳಿ ಕಾಫಿ:

ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಗೆದ್ದವರು ಕಾಣಿಸುವುದೇ ಇಲ್ಲ ಅಂದಿರಲ್ಲ ಬ್ರದರ್, ಎಲ್ಲರ ಕಥೆಯೂ ಹಾಗಲ್ಲ. ನಮ್ಮ ಊರನ್ನೇ ನೋಡಿ. ಈಗಿನ ಶಾಸಕರು ಎಚ್.ಡಿ. ತಮ್ಮಯ್ಯ ನಗರಸಭೆಯಿಂದ ಬಂದವರು, ನಗರಸಭೆ ಅಧ್ಯಕ್ಷರಾಗಿದ್ದವರು. ಬಹಳ ವರ್ಷ ಬಿಜೆಪಿಯಲ್ಲಿದ್ದರು. 2023ರ ಚುನಾವಣೆಗೆ ಮೊದಲು ಕಾಂಗ್ರೆಸ್ ಸೇರಿದರು. 2004ರಿಂದ ಸತತವಾಗಿ ನಾಲ್ಕು ಸಲ ಗೆದ್ದಿದ್ದ ಸಿ.ಟಿ. ರವಿಯವರನ್ನು 5,926 ಮತಗಳಿಂದ ಸೋಲಿಸಿದರು. ಯಾವ ಪಕ್ಷ ಸರಿ ಅನ್ನುವ ಮಾತು ಇಲ್ಲಿ ಬೇಡ. ಊರಿನ ಪ್ರತಿ ಬೀದಿಯಲ್ಲೂ ಹೆಸರು ಹಿಡಿದು ಕರೆಯುವವರು ನಾಲ್ಕು ಜನ ಇದ್ದರೆ ಏನಾಗುತ್ತದೆ ಅಂತ ನಾವು ಅವತ್ತು ನೋಡಿದೆವು. ಅಂಥ ಬಳಕೆ ಬೆಳೆಯುವುದು ವಾರ್ಡಿನಲ್ಲಿ, ನೀರು-ಚರಂಡಿ ಕೆಲಸದಲ್ಲಿ. ಯಡಿಯೂರಪ್ಪನವರ ರಾಜಕೀಯ ಶುರುವಾಗಿದ್ದೂ ಶಿಕಾರಿಪುರದ ಪುರಸಭೆಯಿಂದಲೇ, ಅಲ್ವಾ?

ಪಕ್ಷದ ಬಗ್ಗೆ ಕೇಳಿದಿರಿ. 2021ರ ಡಿಸೆಂಬರ್‌ನಲ್ಲಿ ನಮ್ಮ ನಗರಸಭೆಯ 35 ವಾರ್ಡುಗಳಿಗೆ ಚುನಾವಣೆ ಆಯಿತು. ಬಿಜೆಪಿ 18, ಕಾಂಗ್ರೆಸ್ 12, ಜೆಡಿಎಸ್ 2, ಎಸ್‌ಡಿಪಿಐ 1 ಕಡೆ ಗೆದ್ದವು. ಪಕ್ಷೇತರರು ಗೆದ್ದಿದ್ದು ಎರಡೇ ಕಡೆ. ಲೆಕ್ಕ ನಿಮ್ಮ ಮುಂದಿದೆ.

ಮಾಜಿ ಸದಸ್ಯೆ, ಟೈಲರ್ ಅಕ್ಕ:

ಸಾಲಗಾಮೆ ರಸ್ತೆ ತಮ್ಮನಿಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇಂಥ ಪ್ರಶ್ನೆಯನ್ನು ನಿಲ್ಲುವುದಕ್ಕೆ ಮುಂಚೆ ಕೇಳುವವರು ಕಡಿಮೆ. ಕೇಳಿದ್ದೀಯಲ್ಲ, ನನಗೆ ಅದೇ ಖುಷಿ.

ನಾನು ಹಾಸನ, ಚಿಕ್ಕಮಗಳೂರು ಈ ಎರಡು ಜಿಲ್ಲೆಗಳ ಒಂದು ಪುರಸಭೆಯಲ್ಲಿ ಎರಡು ಅವಧಿಗೆ ಸದಸ್ಯೆಯಾಗಿದ್ದೆ. ಊರಿನ ಹೆಸರು ಬೇಡ. ಆಗ ಜೊತೆಗಿದ್ದವರು ಕೆಲವರು ಇನ್ನೂ ಅಲ್ಲೇ ಇದ್ದಾರೆ. ಈಗ ನಾನಿರುವುದು ಚಿಕ್ಕಮಗಳೂರಿನಲ್ಲಿ, ಮಗಳ ಮನೆ ಹತ್ತಿರ. ಆಗಲೂ ಟೈಲರಿಂಗ್ ಅಂಗಡಿ ನಡೆಸುತ್ತಿದ್ದೆ, ಈಗಲೂ ಹೊಲಿಯುತ್ತೇನೆ.

ಒಂದೇ ಸಲ ಗೆದ್ದು ಕಾಣೆಯಾಗುತ್ತಾರೆ ಯಾಕೆ ಅಂತ ಕೇಳಿದೆಯಲ್ಲ. ಜನ ಸೋಲಿಸುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡಂತೆ, ಜನರ ಮುಂದೆ ಮತ್ತೆ ನಿಲ್ಲುವ ಅವಕಾಶವೇ ಅರ್ಧ ಜನಕ್ಕೆ ಸಿಗುವುದಿಲ್ಲ. ವಾರ್ಡಿನ ಮೀಸಲಾತಿ ಬದಲಾಗುತ್ತದೆ. ಈ ಸಲ ಸಾಮಾನ್ಯ ಇದ್ದದ್ದು ಮುಂದಿನ ಸಲ ಹಿಂದುಳಿದ ವರ್ಗ ಎ ಮಹಿಳೆ ಆಗಬಹುದು, ಪರಿಶಿಷ್ಟ ಜಾತಿ ಆಗಬಹುದು. ಈಗಂತೂ ಅರ್ಧ ಸ್ಥಾನ ಮಹಿಳೆಯರಿಗೆ. ಅದು ಆಗಲೇಬೇಕಾಗಿದ್ದ ಕೆಲಸ. ಮೀಸಲಾತಿ ಇಲ್ಲದಿದ್ದರೆ ನನ್ನಂಥವಳಿಗೆ ಟಿಕೆಟ್ ಕೊಡುವ ಯೋಚನೆಯನ್ನೂ ಯಾರೂ ಮಾಡುತ್ತಿರಲಿಲ್ಲ. ಆದರೆ ಐದು ವರ್ಷ ಒಂದೇ ವಾರ್ಡನ್ನು ನೆಚ್ಚಿಕೊಂಡು ರಾಜಕೀಯ ಮಾಡಿದವರಿಗೆ ಪಟ್ಟಿ ಬಂದ ದಿನ ನಿಲ್ಲಲು ಜಾಗವೇ ಇರುವುದಿಲ್ಲ. ಹಾಸನದಲ್ಲಿ ಹಳ್ಳಿಗಳು ಸೇರಿ ವಾರ್ಡಿನ ಗಡಿಗಳೇ ಬದಲಾಗುತ್ತವೆ. ಇವತ್ತು ನೀನು ನನ್ನ ವಾರ್ಡು ಅಂತ ಅಂದುಕೊಂಡಿರುವುದು ನಾಳೆ ಎರಡು ಹೋಳಾಗಿರಬಹುದು.

ಅಧ್ಯಕ್ಷ ಸ್ಥಾನವೂ ಹಾಗೆಯೇ. 2018ರ ಆಗಸ್ಟ್‌ನಲ್ಲಿ ನಿಮ್ಮ ಹಾಸನದಲ್ಲಿ ಚುನಾವಣೆ ಆದಾಗ 35ರಲ್ಲಿ ಜೆಡಿಎಸ್ 17 ಗೆದ್ದಿತು, ಬಿಜೆಪಿ 13. ಅಧ್ಯಕ್ಷ ಸ್ಥಾನ ಮಾತ್ರ ಬಿಜೆಪಿಗೆ ಹೋಯಿತು. ಆ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು, ಆ ವರ್ಗದಿಂದ ಗೆದ್ದವರು ಇದ್ದದ್ದು ಬಿಜೆಪಿಯಲ್ಲಿ ಮಾತ್ರ. ಅದೂ ತೀರ್ಮಾನವಾಗಿದ್ದು 2020ರಲ್ಲಿ. ಮೀಸಲಾತಿ ಪಟ್ಟಿಯ ವಿಷಯ ಕೋರ್ಟಿನಲ್ಲಿತ್ತು. ಗೆದ್ದವರು ರಾಜ್ಯದ ಎಷ್ಟೋ ಊರುಗಳಲ್ಲಿ ಎರಡು ವರ್ಷ ಸಭೆಯೇ ಇಲ್ಲದೆ ಸುಮ್ಮನೆ ಕೂತಿದ್ದರು. ಆಡಳಿತಾಧಿಕಾರಿ ಕೈಯಲ್ಲಿ ಊರು ನಡೆಯಿತು. ಗೆದ್ದ ಮಾರನೇ ದಿನವೇ ಅಧಿಕಾರ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಿಕೊಂಡು ಸಾಲ ಮಾಡಿದವರನ್ನು ಆ ಎರಡು ವರ್ಷ ಮುಗಿಸಿಬಿಟ್ಟಿತು. ನಿನ್ನ ಅಮ್ಮ ಹೇಳುತ್ತಿರುವುದು ಇಂಥವರನ್ನು ನೋಡಿಯೇ ಇರಬೇಕು.

ನಾನು ಎರಡನೇ ಸಲ ಗೆದ್ದದ್ದು ಹೇಗೆ ಅಂತ ಹೇಳುತ್ತೇನೆ. ನಿನಗೆ ಬೇಕಾದದ್ದು ಅದರಲ್ಲಿದೆ.

ನನ್ನ ಮೊದಲ ವಾರ್ಡಿನ ಮಧ್ಯೆ ಒಂದು ರಾಜಕಾಲುವೆ ಹರಿಯುತ್ತಿತ್ತು. ಮಣ್ಣಿನ ಕಾಲುವೆ. ಅಂಗನವಾಡಿಯ ಹಿಂಬದಿಯಲ್ಲಿ ತಿರುಗಿ, ದೊಡ್ಡ ರಸ್ತೆ ದಾಟಿ, ಪಕ್ಕದ ವಾರ್ಡಿನ ಮೂಲಕ ಕೆರೆಗೆ ಹೋಗುತ್ತಿತ್ತು. ಜುಲೈ ಮಳೆಗೆ ಅಂಗನವಾಡಿ ಅಂಗಳದಲ್ಲಿ ನೀರು. ಮಕ್ಕಳನ್ನು ಎತ್ತಿಕೊಂಡೇ ಒಳಗೆ ಬಿಡಬೇಕು. ನಾನು ಪ್ರತಿ ಸಭೆಯಲ್ಲೂ ಇದನ್ನು ಮಾತಾಡಿದೆ. ಅಧ್ಯಕ್ಷರು ತಲೆ ಆಡಿಸುತ್ತಿದ್ದರು, ಎಂಜಿನಿಯರ್ ಬರೆದುಕೊಳ್ಳುತ್ತಿದ್ದರು. ಮುಂದಿನ ಸಭೆಯ ಹೊತ್ತಿಗೆ ಏನೂ ಆಗಿರುತ್ತಿರಲಿಲ್ಲ. ಬೇರೆ ಪಕ್ಷದ ಒಬ್ಬ ಹಿರಿಯ ಸದಸ್ಯರು ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು. "ತಾಯಿ, ನೀನು ಹೇಳಿದ್ದು ನಡಾವಳಿಯಲ್ಲಿ ಇದೆಯಾ? ನೋಡಿದ್ದೀಯಾ?"

ನಡಾವಳಿ ಅಂದರೆ ಸಭೆಯ ತೀರ್ಮಾನಗಳನ್ನು ಬರೆದಿಡುವ ಪುಸ್ತಕ. ಅದನ್ನು ತರಿಸಿ ನೋಡಿದೆ. ಕಾಲುವೆ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಎಷ್ಟು ಜೋರಾಗಿ ಮಾತಾಡಿದರೂ ಅದಕ್ಕೆ ತೀರ್ಮಾನ ಇರುವುದಿಲ್ಲ. ತೀರ್ಮಾನ ಇಲ್ಲದಿದ್ದರೆ ಕ್ರಿಯಾ ಯೋಜನೆಗೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ, ಸೇರುವುದಿಲ್ಲ. ಅದಕ್ಕೆ ಸೇರದಿದ್ದರೆ ಅಂದಾಜು ಪಟ್ಟಿ ಇಲ್ಲ, ತಾಂತ್ರಿಕ ಮಂಜೂರಾತಿ ಇಲ್ಲ, ಟೆಂಡರ್ ಇಲ್ಲ. ಇಷ್ಟೆಲ್ಲ ದಾಟಿದ ಮೇಲೆ ಕಾರ್ಯಾದೇಶ ಬರುತ್ತದೆ. ಸಭೆಯಲ್ಲಿ ಮೇಜು ಕುಟ್ಟಿ ಮಾತಾಡಿದ್ದು ಮರುದಿನದ ಪೇಪರಿನಲ್ಲಿ ಬರುತ್ತದೆ, ಆದರೆ ಕಾಲುವೆಗೆ ಕಲ್ಲು ಬೀಳುವುದಿಲ್ಲ.

ಅಲ್ಲಿಂದ ಮುಂದೆ ನಾನು ಮಾತು ಕಡಿಮೆ ಮಾಡಿದೆ, ಬರೆಯುವುದು ಜಾಸ್ತಿ ಮಾಡಿದೆ. ಸಭೆಗೆ ಮುಂಚೆಯೇ ಲಿಖಿತವಾಗಿ ವಿಷಯ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳುತ್ತಿದ್ದೆ. ಕಾಲುವೆ ಪಕ್ಕದ ವಾರ್ಡಿನಲ್ಲೂ ಹರಿಯುತ್ತದೆ ಅಲ್ವಾ, ಅದಕ್ಕೆ ಆ ವಾರ್ಡಿನ ಸದಸ್ಯರ ಸಹಿಯನ್ನೂ ಹಾಕಿಸಿದೆ. ಅವರದು ಬೇರೆ ಪಕ್ಷ. ಎರಡೂ ವಾರ್ಡಿನ ಮನೆಗಳಿಗೆ ಹೋಗಿ ಮಳೆಗಾಲದ ಫೋಟೋ ಸೇರಿಸಿಕೊಂಡೆ, ಜನರ ಸಹಿ ತೆಗೆದುಕೊಂಡೆ. ತೀರ್ಮಾನ ಆಯಿತು. ಮೊದಲ ಹಂತದ ಕೆಲಸ ಅಂಗನವಾಡಿ ಹಿಂಬದಿಯಿಂದ ರಸ್ತೆವರೆಗೆ. ಅದು ಮುಗಿಯುವ ಹೊತ್ತಿಗೆ ನನ್ನ ಅವಧಿಯೂ ಮುಗಿಯಿತು.

ಹೊಸ ಪಟ್ಟಿಯಲ್ಲಿ ನನ್ನ ವಾರ್ಡ್ ಸಾಮಾನ್ಯ ಆಯಿತು. ಪಕ್ಷದವರು ಅಲ್ಲಿ ಒಬ್ಬ ಗಂಡಸಿಗೆ ಟಿಕೆಟ್ ಕೊಟ್ಟರು. ಪಕ್ಕದ ವಾರ್ಡ್ ಸಾಮಾನ್ಯ ಮಹಿಳೆ ಆಗಿತ್ತು. ನನ್ನನ್ನು ಅಲ್ಲಿ ನಿಲ್ಲಿಸಿದರು, ಸೋಲಲಿ ಅಂತಲೇ ಇರಬಹುದು. ಆದರೆ ಕಾಲುವೆ ಸಹಿಗಾಗಿ ಆ ಬೀದಿಗಳಲ್ಲಿ ನಾನು ಓಡಾಡಿದ್ದೆನಲ್ಲ. ಬಾಗಿಲು ತೆರೆದವರಿಗೆಲ್ಲ ನನ್ನ ಮುಖ ಗೊತ್ತಿತ್ತು. "ಕಾಲುವೆ ಅಕ್ಕ ಬಂದರು" ಅಂದರು. ಗೆದ್ದೆ. ಎರಡನೇ ಹಂತದ ಕೆಲಸ, ರಸ್ತೆಯಿಂದ ಕೆರೆವರೆಗಿನದು, ಎರಡನೇ ಅವಧಿಯಲ್ಲಿ ಆಯಿತು. ಹಳೇ ತೀರ್ಮಾನ ಪುಸ್ತಕದಲ್ಲಿ ಇದ್ದದ್ದರಿಂದ ಮೊದಲಿನಿಂದ ಜಗಳ ಆಡಬೇಕಾಗಲಿಲ್ಲ.

ಮೂರನೇ ಸಲ ಎರಡೂ ವಾರ್ಡ್ ನನಗೆ ನಿಲ್ಲಲು ಆಗದ ವರ್ಗಕ್ಕೆ ಹೋದವು. ಅಲ್ಲಿಗೆ ನನ್ನ ರಾಜಕೀಯ ಮುಗಿಯಿತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಇನ್ನೂ ಮಾಡಬೇಕಾದ ಕೆಲಸ ಇತ್ತು.

ಅದಕ್ಕೇ ನಿನಗೆ ಹೇಳುವುದು, ವಾರ್ಡಿನ ಗಡಿ ದಾಟುವ ಕೆಲಸವನ್ನು ಹಿಡಿದುಕೋ. ನೀರಿನ ಪೈಪು, ಕಾಲುವೆ, ಬೀದಿದೀಪದ ಲೈನು, ಕಸದ ಗಾಡಿಯ ದಾರಿ, ಇವೆಲ್ಲ ನಾಲ್ಕಾರು ವಾರ್ಡ್ ದಾಟಿ ಹೋಗುತ್ತವೆ. ಹಾಸನಕ್ಕೆ ನೀರು ಬರುವುದು ಗೊರೂರಿನ ಹೇಮಾವತಿಯಿಂದ. ನಿಮ್ಮ ಬೀದಿ ನಲ್ಲಿ ಬತ್ತಿದರೆ ಅದರ ಕಾರಣ ನಿಮ್ಮ ಬೀದಿಯಲ್ಲೇ ಇರಬೇಕು ಅಂತೇನಿಲ್ಲ. ಯಾವ ಟ್ಯಾಂಕಿನಿಂದ ಯಾವ ವಾಲ್ವ್ ಮೂಲಕ ನೀರು ಬರುತ್ತದೆ ಅಂತ ವಾಲ್ವ್‌ಮನ್ ಜೊತೆ ಒಂದು ದಿನ ನಡೆದು ತಿಳಿದುಕೊ. ಮೇಲಿನ ಹೆಲ್ತ್ ಇನ್‌ಸ್ಪೆಕ್ಟರ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ.

ಒಳಗೆ ಹೋದ ಮೇಲೆ ಕೆಲವು ವಿಷಯ ಗಮನದಲ್ಲಿರಲಿ. ಅಜೆಂಡಾದಲ್ಲಿ ಮೊದಲು ಬರುವುದು "ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು". ಹೆಚ್ಚಿನವರು ಅದಕ್ಕೆ ಕಿವಿಗೊಡುವುದಿಲ್ಲ. ನೀನು ಕೊಡು. ಕಳೆದ ಸಲ ನೀನು ವಿರೋಧಿಸಿದ್ದು "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಬರೆದುಹೋಗಿದ್ದರೆ ತಿದ್ದಿಸಲು ಅದೇ ಸಮಯ. ನನ್ನ ವಿರೋಧ ದಾಖಲಿಸಿ ಅಂತ ಎದ್ದು ನಿಂತು ಹೇಳು. ಆಮೇಲೆ ಜಮಾ-ಖರ್ಚು. ಅದರ ಪ್ರತಿ ಮನೆಗೆ ತಂದು ಓದು.

24.10, 7.25, 5. ಈ ಮೂರು ಅಂಕಿಗಳು ನೆನಪಿನಲ್ಲಿರಲಿ. ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇಕಡಾ 24.10, ಇತರೆ ಬಡವರಿಗೆ 7.25, ಅಂಗವಿಕಲರಿಗೆ 5. ಸ್ಥಳೀಯ ಸಂಸ್ಥೆಯ ಹಣದಲ್ಲಿ ಇಷ್ಟನ್ನು ತೆಗೆದಿಡಬೇಕು. ಈ ದುಡ್ಡು ಖರ್ಚಾಗದೆ ಉಳಿದ ವರ್ಷಗಳನ್ನು ನಾನು ನೋಡಿದ್ದೇನೆ. ಅರ್ಜಿ ಹಾಕುವವರಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. 7.25ರಲ್ಲಿ ಹೊಲಿಗೆ ಯಂತ್ರ ಕೊಡುವಾಗ ಫಲಾನುಭವಿಗಳ ಹೆಸರನ್ನು ಸಭೆಯಲ್ಲಿ ಓದಿಸಬೇಕು ಅಂತ ನಾನು ಹಟ ಹಿಡಿದಿದ್ದೆ. ಹೊಲಿಯಲು ಬಾರದವರ ಮನೆಗೆ ಯಂತ್ರ ಹೋಗಿ ಅಟ್ಟ ಸೇರಿದರೆ ಯಾರಿಗೆ ಉಪಯೋಗ? ಹೆಸರು ಓದಿಸಿದ ಮೇಲೆ ಪಟ್ಟಿ ಸರಿಯಾಯಿತು. ನನ್ನ ಎರಡು ಅವಧಿಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಕೆಲಸ ಅದು. ಆ ಯಂತ್ರದಲ್ಲಿ ಹೊಲಿದು ಮಕ್ಕಳನ್ನು ಕಾಲೇಜಿಗೆ ಕಳಿಸಿದ ಹೆಣ್ಣುಮಕ್ಕಳು ಈಗಲೂ ಫೋನ್ ಮಾಡುತ್ತಾರೆ.

ಹೆಂಗಸರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಮೊದಲ ತಿಂಗಳು ಕಚೇರಿಯಿಂದ ಫೋನ್ ಬರುತ್ತಿದ್ದದ್ದು ನನ್ನ ಯಜಮಾನರಿಗೆ. ಸಭೆ ನೋಟಿಸನ್ನೂ ಅವರ ಕೈಗೆ ಕೊಡುತ್ತಿದ್ದರು. ನಾನು ಕಚೇರಿಗೆ ಹೋಗಿ ನನ್ನ ನಂಬರ್ ಬರೆದುಕೊಟ್ಟೆ. ನೋಟಿಸಿಗೆ ನಾನೇ ಸಹಿ ಮಾಡುತ್ತೇನೆ ಅಂದೆ. ನಮ್ಮ ಯಜಮಾನರು ಒಳ್ಳೆಯವರು, ಸಭೆ ದಿನ ಅಂಗಡಿ ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ. ಸಿಗದಿದ್ದರೂ ನಿಮ್ಮ ಕುರ್ಚಿ ಬಿಟ್ಟುಕೊಡಬೇಡಿ. ಜನ ಮತ ಹಾಕಿದ್ದು ನಿಮ್ಮ ಹೆಸರಿಗೆ.

ಸಾಲಗಾಮೆ ರಸ್ತೆ ಹುಡುಗ:

ಅಕ್ಕ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಮ್ಮನಿಗೂ ಓದಿ ಹೇಳಿದೆ. ಹೊಲಿಗೆ ಯಂತ್ರದ ಭಾಗ ಎರಡು ಸಲ ಓದಿಸಿದರು.

ಇನ್ನೆರಡು ವಿಷಯ ಕೇಳುತ್ತೇನೆ. ಒಂದು, ದುಡ್ಡು. ಸದಸ್ಯರಿಗೆ ಸಿಗುವ ಗೌರವಧನದಲ್ಲಿ ಮನೆ ನಡೆಯುವುದಿಲ್ಲ ಅಂತ ಗೊತ್ತು. ಹಾಗಿದ್ದರೆ ಸದಸ್ಯರು ಬದುಕುವುದು ಹೇಗೆ? ನನ್ನ ಅಂಗಡಿ ನಡೆಸಿಕೊಂಡು ಸದಸ್ಯನಾಗಿ ಇರಬಹುದಾ? ಎರಡು, ಪಕ್ಷ. ನನಗೆ ಎರಡು ಪಕ್ಷದವರಿಂದ ಮಾತು ಬಂದಿದೆ. ಯಾವುದಕ್ಕೂ ಇನ್ನೂ ಹೂಂ ಅಂದಿಲ್ಲ.

ಬಸವನಹಳ್ಳಿ ಕಾಫಿ:

ಟೈಲರ್ ಅಕ್ಕ ಬರೆದದ್ದನ್ನು ಓದಿ ನಮ್ಮ ಊರಿನ ರಸ್ತೆಗಳೇ ಕಣ್ಣ ಮುಂದೆ ಬಂದವು. ಕೇಂದ್ರದ ಅಮೃತ್ ಯೋಜನೆಯ ಕುಡಿಯುವ ನೀರು, ಯುಜಿಡಿ ಅಂತ ಅಗೆದ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಾಡಿದವರು ನಾವು. ಅಮೃತ್ ಶುರುವಾಗಿದ್ದು 2015ರಲ್ಲಿ. ಅಂಥ ಕೆಲಸ ಒಂದು ಸಲ ಗೆದ್ದ ಸದಸ್ಯರ ಅವಧಿಯಲ್ಲಿ ಶುರುವಾಗಿ ಮುಂದಿನ ಸಲ ಗೆದ್ದವರ ಅವಧಿಗೂ ಹೋಗುತ್ತದೆ. ಹಿಂದಿನವರು ಏನು ಬರೆಸಿದ್ದರು ಅಂತ ಹೊಸಬರು ಓದಿಕೊಂಡು ಬಂದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ನಮ್ಮಲ್ಲೂ ಮುಂದಿನ ಸಲ ನಿಲ್ಲುವವರು ಇದನ್ನು ಓದಲಿ.

ಮಾಜಿ ಸದಸ್ಯೆ, ಟೈಲರ್ ಅಕ್ಕ:

ತಮ್ಮಾ, ಮೊದಲು ದುಡ್ಡಿನ ವಿಷಯ.

ಅಂಗಡಿ ಬಿಡಬೇಡ. ಗೆದ್ದ ಮೇಲೆ ಮದುವೆ, ಗೃಹಪ್ರವೇಶ, ತಿಥಿ, ಗಣಪತಿ ಪೆಂಡಾಲ್, ಆಸ್ಪತ್ರೆ, ಎಲ್ಲ ಕಡೆಯಿಂದ ಕರೆ ಬರುತ್ತದೆ. ಗೌರವಧನ ಪೆಟ್ರೋಲಿಗೂ ಸಾಲದು. ಸ್ವಂತ ದುಡಿಮೆ ಇಲ್ಲದವನ ಮುಂದೆ ಗುತ್ತಿಗೆದಾರ ಬಂದು ಕೂತರೆ ಕಷ್ಟ ಅಲ್ಲಿಂದಲೇ ಶುರು. ನಾನು ಎರಡು ಅವಧಿ ತಲೆ ಎತ್ತಿ ಕೂತಿದ್ದೆ ಅಂದರೆ ಅದಕ್ಕೆ ಕಾರಣ ನನ್ನ ಹೊಲಿಗೆ ಯಂತ್ರ. ರಾತ್ರಿ ಹೊತ್ತು ಬ್ಲೌಸ್ ಹೊಲಿದು ಮನೆ ನಡೆಸಿದೆ. ಪೆಂಡಾಲಿಗೆ ಐನೂರು ಕೇಳಿದರೆ, ದುಡ್ಡಿಲ್ಲ ಕಣಪ್ಪ, ನಿಮ್ಮ ಬೀದಿಯ ದೀಪ ಹಾಕಿಸಿಕೊಡುತ್ತೇನೆ ಅನ್ನುತ್ತಿದ್ದೆ. ಮೊದಲು ಮುನಿಸಿಕೊಂಡರು, ಆಮೇಲೆ ಅಭ್ಯಾಸವಾಯಿತು.

ಆದರೆ ನಿನ್ನ ಅಂಗಡಿಯ ವಿಷಯ ನನ್ನದಕ್ಕಿಂತ ಸೂಕ್ಷ್ಮ. ನೀನು ಇ-ಖಾತೆ ಅರ್ಜಿ ಹಾಕಿಸುತ್ತೀಯ, ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತೀಯ. ನಾಳೆ ನೀನೇ ಪಾಲಿಕೆ ಸದಸ್ಯ. ನಿನ್ನ ಅಂಗಡಿಯಿಂದ ಹೋದ ಅರ್ಜಿ ಬೇಗ ಮುಗಿದರೆ ಜನ ಏನು ಅಂದುಕೊಳ್ಳುತ್ತಾರೆ? ನೀನು ಪ್ರಾಮಾಣಿಕವಾಗಿಯೇ ಇರಬಹುದು, ಆದರೂ ಮಾತು ಹುಟ್ಟುತ್ತದೆ. ಗೆದ್ದರೆ ಪಾಲಿಕೆಗೆ ಹೋಗುವ ಅರ್ಜಿಗಳನ್ನು ಅಂಗಡಿಯಲ್ಲಿ ನಿಲ್ಲಿಸಿಬಿಡು. ಝೆರಾಕ್ಸ್, ರೇಷನ್ ಕಾರ್ಡ್, ಪ್ರಮಾಣಪತ್ರದ ಕೆಲಸ ಇಟ್ಟುಕೋ. ಇನ್ನೊಂದು, ಸ್ಥಳೀಯ ಸಂಸ್ಥೆಯ ಗುತ್ತಿಗೆಯಲ್ಲಿ ಸದಸ್ಯನಿಗೆ ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಪಾಲು ಇರಬಾರದು. ಇದ್ದರೆ ಸದಸ್ಯತ್ವವೇ ಹೋಗಬಹುದು. ನಿನ್ನ ಭಾವನೋ ಚಿಕ್ಕಪ್ಪನೋ ಗುತ್ತಿಗೆ ಕೆಲಸ ಮಾಡುತ್ತಿದ್ದರೆ ಈಗಲೇ ಕೂತು ಮಾತಾಡಿಕೊಳ್ಳಿ.

ನಿಲ್ಲುವುದಕ್ಕೆ 21 ವರ್ಷ ತುಂಬಿರಬೇಕು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮನೆ, ಅಂಗಡಿ ಎರಡರ ಕಂದಾಯ, ನೀರಿನ ಬಿಲ್ ಬಾಕಿ ಇದ್ದರೆ ಈಗಲೇ ಕಟ್ಟು, ನಾಮಪತ್ರ ಪರಿಶೀಲನೆ ದಿನ ಅದೇ ತಕರಾರು ಬರುತ್ತದೆ. ಚುನಾವಣೆ ಖರ್ಚಿನ ಲೆಕ್ಕ ಗೆದ್ದವರೂ ಕೊಡಬೇಕು, ಸೋತವರೂ ಕೊಡಬೇಕು. ಸೋತ ಬೇಸರದಲ್ಲಿ ಲೆಕ್ಕ ಕೊಡದೆ ಬಿಟ್ಟು ಮುಂದಿನ ಸಲ ನಿಲ್ಲಲು ಆಗದವರನ್ನು ನೋಡಿದ್ದೇನೆ.

ಪಕ್ಷದ ವಿಷಯ. ಯಾವ ಪಕ್ಷ ಅಂತ ನಾನು ಹೇಳುವುದಿಲ್ಲ, ಅದು ನಿನ್ನ ಮನಸ್ಸಿಗೆ ಬಿಟ್ಟದ್ದು. ಒಂದು ಮಾತ್ರ ತಿಳಿದುಕೋ. ಪಕ್ಷದ ಚಿಹ್ನೆ ಮೇಲೆ ಗೆದ್ದರೆ ವಿಪ್‌ಗೆ ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶಕ್ಕೆ ಬದ್ಧನಾಗಿರಬೇಕು. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಕರ್ನಾಟಕದಲ್ಲಿ 1987ರಿಂದ ಇದೆ. ಮೇಯರ್ ಆಯ್ಕೆ ದಿನ ವಿಪ್ ಮೀರಿ ಕೈ ಎತ್ತಿದರೆ ಸದಸ್ಯತ್ವಕ್ಕೇ ಕುತ್ತು. ಆ ಆಯ್ಕೆಯಲ್ಲಿ ಶಾಸಕರಿಗೆ, ಸಂಸದರಿಗೂ ಮತ ಇರುತ್ತದೆ. ಹೀಗಾಗಿ ಅಲ್ಲಿ ಅವರ ಮಾತೇ ಜಾಸ್ತಿ ನಡೆಯುತ್ತದೆ. ಮೇಯರ್ ಆಗಬೇಕು ಅನ್ನುವ ಆಸೆ ಇಟ್ಟುಕೊಂಡು ಒಳಗೆ ಹೋಗಬೇಡ. ಮೈಸೂರು, ಮಂಗಳೂರಿನಲ್ಲಿ ಮೇಯರ್‌ಗಳು ವರ್ಷ ವರ್ಷಕ್ಕೆ ಬದಲಾಗುತ್ತಾ ಬಂದಿದ್ದಾರೆ. ಆ ಓಟದಲ್ಲಿ ಬಿದ್ದವರಿಗೆ ವಾರ್ಡಿನ ನೆನಪೇ ಇರುವುದಿಲ್ಲ. ಸ್ಥಾಯಿ ಸಮಿತಿಗೆ ಸೇರಿಸಿ ಅಂತ ಕೇಳು. ಬಜೆಟ್, ಟೆಂಡರ್, ಕಂದಾಯ ಅಲ್ಲಿ ಅರ್ಥವಾಗುತ್ತದೆ. ಬಸವನಹಳ್ಳಿಯವರು ಶಾಸಕರಾದವರ ಉದಾಹರಣೆ ಕೊಟ್ಟಿದ್ದಾರೆ. ಸಂತೋಷ, ಆಗುವವರು ಆಗಲಿ. ನಾನು ಮಾತ್ರ ವಾರ್ಡ್ ಕೆಲಸವನ್ನು ವಾರ್ಡ್ ಕೆಲಸಕ್ಕಾಗಿಯೇ ಮಾಡುವವರನ್ನು ಜಾಸ್ತಿ ಗೌರವಿಸುತ್ತೇನೆ. ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದ ಆ ಹಿರಿಯರು ಅಧ್ಯಕ್ಷರೂ ಆಗಲಿಲ್ಲ, ಶಾಸಕರೂ ಆಗಲಿಲ್ಲ. ಆ ಊರಿನ ಅರ್ಧ ನೀರಿನ ಪೈಪು ಅವರು ಬರೆಸಿದ ತೀರ್ಮಾನದ ಮೇಲೆ ಹಾಕಿದ್ದು.

ಪಕ್ಷೇತರನಾಗಿ ನಿಂತು ಗೆಲ್ಲಬಹುದು, ಕಷ್ಟ ಅಷ್ಟೇ. ಆದರೆ ಪಕ್ಷ ನೋಡುವುದಕ್ಕೆ ಮುಂಚೆ ಒಂದು ಕೆಲಸ ಮಾಡು. ನಿಮ್ಮ ಪಾಲಿಕೆಯ ಈ ವರ್ಷದ ಬಜೆಟ್ ಪ್ರತಿ, ನಿಮ್ಮ ಏರಿಯಾ ಸೇರಿದ ಕ್ರಿಯಾ ಯೋಜನೆಯ ಪ್ರತಿ, ಈ ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಕೇಳು. ಅರ್ಜಿಗೆ ಹತ್ತು ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಎರಡು ಅರ್ಜಿ ಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಪ್ರತಿ ಬಂದ ಮೇಲೆ ಅದನ್ನು ಹಿಡಿದುಕೊಂಡು ನಿಮ್ಮ ಬೀದಿಗಳಲ್ಲಿ ನಡೆದು ನೋಡು. ಕಾಗದದಲ್ಲಿ ಇರುವ ಯಾವ ಕೆಲಸ ನೆಲದ ಮೇಲೆ ಇದೆ, ಯಾವುದು ಇಲ್ಲ ಅಂತ ಪಟ್ಟಿ ಮಾಡು. ಆ ಪಟ್ಟಿ ಮುಂದಿಟ್ಟುಕೊಂಡು ನಿನ್ನನ್ನು ಕರೆದ ಎರಡೂ ಪಕ್ಷದವರ ಹತ್ತಿರ ಮಾತಾಡು. ಯಾರು ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಓದುತ್ತಾರೆ ಅಂತ ನೋಡು.

ಅರ್ಜಿ ಬರೆಯುವುದರಲ್ಲಿ ಏನಾದರೂ ತೊಡಕಾದರೆ ಇಲ್ಲೇ ಹಾಕು, ನೋಡಿ ತಿದ್ದಿ ಕೊಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಸೈಟು ಮಾರುವ ಮಾತೇ ಬೇಡ ಅಂತ ಅವರ ಪರವಾಗಿ ನಾನೂ ಹೇಳುತ್ತಿದ್ದೇನೆ.

ಸಾಲಗಾಮೆ ರಸ್ತೆ ಹುಡುಗ:

ಎರಡೂ ಅರ್ಜಿ ಬರೆದಿಟ್ಟಿದ್ದೇನೆ ಅಕ್ಕ. ಬಜೆಟ್ ಒಂದರಲ್ಲಿ, ಕ್ರಿಯಾ ಯೋಜನೆ ಒಂದರಲ್ಲಿ. ಕ್ರಿಯಾ ಯೋಜನೆ ಒಂದು ವರ್ಷದ್ದು ಸಾಕಾ, ಹಿಂದಿನ ಮೂರು ವರ್ಷದ್ದೂ ಕೇಳಲಾ?

ಮಾಜಿ ಸದಸ್ಯೆ, ಟೈಲರ್ ಅಕ್ಕ:

ಮೂರು ವರ್ಷದ್ದೂ ಕೇಳು. ಒಂದು ವರ್ಷ ಬಿಟ್ಟುಹೋದ ಕೆಲಸ ಮುಂದಿನ ವರ್ಷ ಬೇರೆ ಹೆಸರಿನಲ್ಲಿ ಬಂದಿರುತ್ತದೆ, ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಪ್ರತಿಗಳಿಗೆ ಪುಟಕ್ಕೆ ಇಷ್ಟು ಅಂತ ಕಟ್ಟಿಸಿಕೊಳ್ಳುತ್ತಾರೆ. ರಸೀದಿ ತೆಗೆದುಕೊಳ್ಳುವುದನ್ನು ಮರೆಯಬೇಡ.